ಬ್ರೇಕ್ ಫೇಲ್ ಅಲ್ಲ ಸ್ವಾಮಿ, ಬ್ರೇಕ್ ಹಿಡಿದಿತ್ತು!

ನಮ್ಮ ಜಿಲ್ಲೆಯಲ್ಲಿ ಗಾಡಿ ಹಳ್ಳಕ್ಕೆ ಬಿದ್ದರೆ, ಹುಣಸೇಮರಕ್ಕೆ ಗುದ್ದಿದರೆ, ಮುಂದಿನ ಲಾರಿಯ ಹಿಂಭಾಗಕ್ಕೆ ನುಗ್ಗಿದರೆ ಮಾರನೇ ದಿನ ಅಚ್ಚಾಗುವ ಸಾಲು ಒಂದೇ: “ಬ್ರೇಕ್ ಫೇಲ್ ಆದುದೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ.” ಎನ್ನಲಾಗಿದೆ ಅಂದರೆ ಯಾರು ಅಂದರು? ಡ್ರೈವರ್ ಅಂದ. ಡ್ರೈವರಿಗೆ ಯಾರು ಹೇಳಿದರು? ಪೆಡಲ್ ಹೇಳಿತು. ಪೆಡಲ್ ಯಾಕೆ ಕೆಳಕ್ಕೆ ಹೋಯಿತು ಅಂತ ಯಾರಾದರೂ ಕೇಳಿದರಾ? ಇಲ್ಲ. ಕೇಳದೇ ಬರೆದವರಲ್ಲಿ ನಾವೂ ಇದ್ದೇವೆ. ತಪ್ಪು ಒಪ್ಪಿಕೊಂಡೇ ಈ ವಾರ ಬರೆಯಲು ಕೂತಿದ್ದೇವೆ.

ಬ್ರೇಕ್ ಫೇಲ್ ಎಂಬ ಮಾತನ್ನು ನಮ್ಮ ಜನ ಸಿಡಿಲು ಹೊಡೆಯಿತು, ಹಾವು ಕಚ್ಚಿತು ಎನ್ನುವ ಧಾಟಿಯಲ್ಲಿ ಆಡುತ್ತಾರೆ. ಅದು ಮೇಲಿನವನ ಕೆಲಸ, ನಮ್ಮದೇನೂ ಇಲ್ಲ ಅನ್ನೋ ಹಾಗೆ. ಆದರೆ ಬ್ರೇಕು ಫೇಲ್ ಆಗುವ ಮುಂಚೆ ಎಷ್ಟೋ ಸಲ ಇನ್ನೊಂದು ಕೆಲಸ ಮಾಡಿರುತ್ತದೆ. ಅದು ಹಿಡಿದುಕೊಂಡಿರುತ್ತದೆ. ಬಿಡಬೇಕಾದಾಗ ಬಿಡದೆ ಚಕ್ರವನ್ನು ಸವೆಸುತ್ತಿರುತ್ತದೆ. ಶೆಡ್ಡಿನ ಹುಡುಗರು ಇದಕ್ಕೆ ‘ಬ್ರೇಕ್ ಜಾಮ್’ ಅಂತಾರೆ, ಸ್ವಲ್ಪ ಓದಿದವರು ‘ಬೈಂಡಿಂಗ್’ ಅಂತಾರೆ. ಹೆಸರು ಯಾವುದಾದರೂ ಆಗಲಿ, ರೋಗ ಒಂದೇ. ಈ ರೋಗ ದಿನಗಟ್ಟಲೆ, ವಾರಗಟ್ಟಲೆ ಮುನ್ಸೂಚನೆ ಕೊಡುತ್ತದೆ. ನಾವು ನೋಡೋದಿಲ್ಲ, ಅಷ್ಟೇ.

ಮಿಡಿಗೇಶಿಯ ಟೀ ಅಂಗಡಿ ಮುಂದೆ

ಬೇರೆಯವರ ಕಥೆ ಯಾಕೆ, ನಮ್ಮದೇ ಹೇಳುತ್ತೇವೆ. ಒಂದು ಶನಿವಾರ ನೆಂಟರ ಕಾರಿನಲ್ಲಿ ಕೊರಟಗೆರೆಯಿಂದ ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೊರಟೆವು. ಹನ್ನೆರಡು ವರ್ಷದ ಕಾರು, ಎರಡನೇ ಕೈಗೆ ಕೊಂಡದ್ದು. ಅದೇ ವಾರ ಒಂದು ವರ್ಕ್‌ಶಾಪಿನಲ್ಲಿ (ಹೆಸರು ಬೇಡ ಬಿಡಿ) ಮುಂದಿನ ಬ್ರೇಕಿಗೆ ಹೊಸ ಪ್ಯಾಡ್ ಹಾಕಿಸಿದ್ದರು. ತಿಂಗಳೊಳಗೆ ಅದು ಎರಡನೇ ಜೊತೆ. ಮೊದಲನೆಯದು ಯಾಕೆ ಅಷ್ಟು ಬೇಗ ಸವೆಯಿತು ಅಂತ ಕೇಳಿದರೆ, “ಮಾಲು ಸರಿ ಇರಲಿಲ್ಲ ಸಾರ್, ಈ ಸಲ ಕಂಪನಿ ಮಾಲೇ ಹಾಕಿದೀನಿ” ಅಂದಿದ್ದರಂತೆ.

ಮಧುಗಿರಿ ಬರುವ ಹೊತ್ತಿಗೆ ಸ್ಟಿಯರಿಂಗ್ ಎಡಕ್ಕೆ ಎಳೆಯಲು ಶುರುವಾಯಿತು. ನೆಂಟರು, “ಗಾಳಿ ಕಮ್ಮಿ ಇರಬೇಕು” ಅಂದರು. ಊರು ದಾಟಿದ ಮೇಲೆ ಸುಟ್ಟ ವಾಸನೆ. “ಮುಂದಿನ ಲಾರೀದು” ಅಂದರು. ಮುಂದೆ ಲಾರಿಯೇ ಇರಲಿಲ್ಲ! ಮಿಡಿಗೇಶಿ ಇನ್ನೇನು ಬಂತು ಅನ್ನುವಾಗ ಒಂದು ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಅದು ಬೆಣ್ಣೆಯೊಳಕ್ಕೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಕ್ಕೆ ಹೋಯಿತು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು. ಗೇರು ಇಳಿಸಿ, ಪೆಡಲನ್ನು ನಾಲ್ಕು ಸಲ ತುಳಿದು, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆದು ಅಂತೂ ಟೀ ಅಂಗಡಿ ಮುಂದೆ ನಿಲ್ಲಿಸಿದರು. ಯಾರ ಬಾಯಲ್ಲೂ ಮಾತಿರಲಿಲ್ಲ. ಎಡಗಡೆ ಮುಂದಿನ ಚಕ್ರದಿಂದ ಸಣ್ಣಗೆ ಹೊಗೆ.

ಅಲ್ಲಿ ಕೂತಿದ್ದ ವಯಸ್ಸಾದ ಲಾರಿ ಡ್ರೈವರ್ ಒಬ್ಬರು ಎದ್ದು ಬಂದರು. ಮುಟ್ಟಲಿಲ್ಲ. ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಂಭಾಗವನ್ನು ಹಿಡಿದು ಶಾಖ ನೋಡಿದರು. ಎಡ ಮುಂದಿನದರ ಲೋಹದ ಮೇಲೆ ಬೆರಳಿನಿಂದ ಎರಡು ಹನಿ ನೀರು ಚಿಮುಕಿಸಿದರು. ಚುರ್ರ್ ಅಂತು. ಉಳಿದ ಮೂರರಲ್ಲಿ ಸದ್ದಿಲ್ಲ. “ನಿಮ್ಮ ಬ್ರೇಕು ಫೇಲ್ ಆಗಿಲ್ಲ, ಬಿಟ್ಟಿಲ್ಲ. ಟೀ ಕುಡಿಯಿರಿ, ನೀರು ಮಾತ್ರ ಸುರೀಬೇಡಿ” ಅಂದರು.

ಮುಕ್ಕಾಲು ಗಂಟೆ ಕಳೆದ ಮೇಲೆ ಪೆಡಲ್ ತುಳಿದು ನೋಡಿದರೆ ಏನಾಶ್ಚರ್ಯ! ಗಟ್ಟಿಯಾಗಿದೆ. ಏನೂ ಆಗೇ ಇಲ್ಲ ಅನ್ನುವ ಹಾಗಿದೆ. ಓದುಗರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಡಿದ ಬ್ರೇಕು ಹೇಗೆ ಕೈಕೊಡುತ್ತದೆ?

ಕಾರಿನ ಬ್ರೇಕ್ ಎಂದರೆ ಪೆಡಲಿನಿಂದ ಚಕ್ರದವರೆಗೆ ಒಂದು ಎಣ್ಣೆಯ ಕೊಳವೆ. ನೀವು ಒತ್ತಿದ ಒತ್ತಡ ಎಣ್ಣೆಯ ಮೂಲಕ ಹೋಗಿ ಪ್ಯಾಡನ್ನೋ ಶೂವನ್ನೋ ತಿರುಗುವ ಲೋಹಕ್ಕೆ ಅದುಮುತ್ತದೆ. ಕಾಲು ತೆಗೆದ ತಕ್ಷಣ ಎಣ್ಣೆ ಹಿಂದಕ್ಕೆ ಬರಬೇಕು, ಪ್ಯಾಡ್ ಸಡಿಲವಾಗಬೇಕು. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಕೂಡ ಇಲ್ಲ. ಸುತ್ತ ಇರುವ ರಬ್ಬರಿನ ಉಂಗುರ ಒತ್ತುವಾಗ ಸ್ವಲ್ಪ ಬಾಗಿ, ಬಿಟ್ಟಾಗ ನೆಟ್ಟಗಾಗುತ್ತದಲ್ಲ, ಆ ಕೂದಲೆಳೆಯಷ್ಟು ಜಾಗದಲ್ಲೇ ಎಲ್ಲ ನಡೆಯಬೇಕು. ಅಲ್ಲಿ ತುಕ್ಕೋ ಮಣ್ಣೋ ಸೇರಿದರೆ ಪಿಸ್ಟನ್ ವಾಪಸು ಬರೋದಿಲ್ಲ.

ಬರದಿದ್ದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಉಜ್ಜಿದರೆ ಶಾಖ. ಶಾಖ ಎಣ್ಣೆಗೆ ಏರುತ್ತದೆ. ಬ್ರೇಕ್ ಎಣ್ಣೆಗೆ ಡಾಟ್ 3, ಡಾಟ್ 4 ಅಂತ ದರ್ಜೆಗಳಿವೆ. ಡಬ್ಬಿ ಒಡೆದ ಹೊಸ ಡಾಟ್ 3 ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230ರವರೆಗೆ. ಆದರೆ ಈ ಎಣ್ಣೆಗೆ ಒಂದು ದುರ್ಗುಣವಿದೆ. ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಎಣ್ಣೆಗೆ ಗೊತ್ತುಮಾಡಿರುವ ಮಟ್ಟ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155 ಡಿಗ್ರಿ ಮಾತ್ರ. ಎಣ್ಣೆ ಕುದಿದರೆ ಗುಳ್ಳೆ ಏಳುತ್ತದೆ. ಎಣ್ಣೆಯನ್ನು ಅದುಮಿ ಕುಗ್ಗಿಸಲಾಗದು, ಗುಳ್ಳೆಯನ್ನು ಕುಗ್ಗಿಸಬಹುದು. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಯನ್ನು ಅದುಮಲು ಖರ್ಚಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಇದೇ ಸ್ವಾಮಿ, ‘ಬ್ರೇಕ್ ಫೇಲ್’!

ಗಾಡಿ ನಿಂತು ತಣ್ಣಗಾದರೆ ಆವಿ ಮತ್ತೆ ಎಣ್ಣೆಯಾಗುತ್ತದೆ. ಪೆಡಲ್ ಮತ್ತೆ ಗಟ್ಟಿ. ಅಂದರೆ ಅಪಘಾತವಾಗಿ ಎರಡು ಗಂಟೆಯೋ ಎರಡು ದಿನವೋ ಕಳೆದ ಮೇಲೆ ಬಂದು ಪೆಡಲ್ ಒತ್ತಿ ನೋಡುವವರಿಗೆ ಬ್ರೇಕ್ ‘ಸರಿಯಾಗಿದೆ’. ಡ್ರೈವರ್ ಸುಳ್ಳುಗಾರನಾಗುತ್ತಾನೆ. ಇಲ್ಲವೇ ಡ್ರೈವರ್ ಸುಳ್ಳನ್ನೇ ಹೇಳಿದ್ದರೂ ನಿಜವೆಂದು ನಡೆದುಹೋಗುತ್ತದೆ. ಎರಡೂ ನಮಗೆ ಬೇಡ.

ನಮ್ಮ ನಾಲ್ಕು ತಾಲ್ಲೂಕಿಗೆ ಇದು ಯಾಕೆ ಹೆಚ್ಚು ಬೇಕು?

ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳನ್ನು ನೋಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ವರ್ಷದ ಬಹುಪಾಲು ಧೂಳು. ಪಾವಗಡದ ಬಯಲಿನಲ್ಲಿ, ತಿರುಮಣಿಯ ಸೋಲಾರ್ ಪಾರ್ಕಿನ ಸುತ್ತಿನ ಮಣ್ಣುದಾರಿಗಳಲ್ಲಿ ಓಡಿದ ಗಾಡಿಯ ಚಕ್ರದೊಳಗೆ ಕೈಹಾಕಿದರೆ ಹಿಟ್ಟಿನಂಥ ಮಣ್ಣು ಬರುತ್ತದೆ. ರಬ್ಬರ್ ಮುಸುಕು ಹರಿದಿದ್ದರೆ ಆ ಹಿಟ್ಟು ನೇರ ಕ್ಯಾಲಿಪರಿನ ಪಿನ್ನಿಗೆ. ಅಲ್ಲಿ ಗ್ರೀಸಿನ ಜೊತೆ ಸೇರಿ ಅಂಟು. ಇತ್ತ ಕೊರಟಗೆರೆಯಲ್ಲಿ ಜಯಮಂಗಲಿ ಹರಿದ ವರ್ಷ ಗಾಡಿಯನ್ನು ನೀರಿಗಿಳಿಸಿ ದಾಟಿಸುವವರು ಇದ್ದೇ ಇದ್ದಾರೆ. ನೀರು ಡ್ರಮ್ಮಿನೊಳಗೆ ನಿಂತು ತುಕ್ಕು.

ಇನ್ನೊಂದು, ನಿಂತ ಗಾಡಿಗಳು. ಮಗ ಬೆಂಗಳೂರಿನಲ್ಲಿ, ಕಾರು ಊರಿನ ಮನೆ ಮುಂದೆ. ಹಬ್ಬಕ್ಕೊಮ್ಮೆ, ಜಾತ್ರೆಗೊಮ್ಮೆ ತೆಗೆಯೋದು. ಮಳೆಯಲ್ಲಿ ನೆಂದ ಡ್ರಮ್ಮಿಗೆ ಹ್ಯಾಂಡ್ ಬ್ರೇಕ್ ಎಳೆದ ಶೂ ತಿಂಗಳುಗಟ್ಟಲೆ ಅಂಟಿಕೊಂಡಿರುತ್ತದೆ. ಹಬ್ಬದ ದಿನ ಬೆಳಗ್ಗೆ ಎಕ್ಸಿಲರೇಟರ್ ಒತ್ತಿ ಎಳೆದುಕೊಂಡೇ ಹೋಗುತ್ತಾರೆ. ಅದೂ ಸಾಲದು ಎಂದು ಬೆಂಗಳೂರಿನವರಿಗೆ ಸಾಕಾದ ಕಾರು ನಮ್ಮ ಕಡೆಗೆ ಬರುತ್ತದೆ. ಬಣ್ಣ ನೋಡುತ್ತಾರೆ, ಟೇಪ್ ರೆಕಾರ್ಡರ್ ಇದ್ದ ಜಾಗದಲ್ಲಿ ಟೀವಿ ಇದೆಯಾ ನೋಡುತ್ತಾರೆ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿದ ಗಿರಾಕಿಯನ್ನು ನಾವು ಕಂಡಿಲ್ಲ.

ರಸ್ತೆಗಳು ಬೇರೆ ಮೊದಲಿನಂತಿಲ್ಲ. ಶಿರಾ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಾಡಿಗಳು ಯಾವ ಓಟದಲ್ಲಿ ಹೋಗುತ್ತವೆ ಅಂತ ಎಲ್ಲರಿಗೂ ಗೊತ್ತು. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆ ಕಡೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಬಳಿ ಮಗುಚಿ ಸತ್ತವರಲ್ಲಿ ಓದುವ ಮಕ್ಕಳಿದ್ದರು. ಅದೇ ವರ್ಷ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ ಕೂಲಿಗೆ ಹೊರಟವರನ್ನು ತುಂಬಿಕೊಂಡಿದ್ದ ಜೀಪಿಗೂ ಲಾರಿಗೂ ಆದ ಡಿಕ್ಕಿಯಲ್ಲಿ ಒಂಬತ್ತು ಜನ ಹೋದರು. ಈ ಎರಡನ್ನೂ ನಾವು ಬ್ರೇಕಿನ ಖಾತೆಗೆ ಬರೆಯುತ್ತಿಲ್ಲ. ಅಳತೆ ಮೀರಿ ಜನ ತುಂಬುವುದು ನಮ್ಮ ಕಡೆ ಎಷ್ಟು ಸಾಮಾನ್ಯ ಎಂಬುದನ್ನು ನೆನಪಿಸುತ್ತಿದ್ದೇವೆ. ಐದು ಜನರ ಕಾರಿನಲ್ಲಿ ಒಂಬತ್ತು ಜನ, ಹತ್ತು ಜನರ ಜೀಪಿನಲ್ಲಿ ಇಪ್ಪತ್ತು ಜನ. ಹಾಗೆ ತುಂಬಿದ ಗಾಡಿಯ ಒಂದು ಚಕ್ರ ಹಿಡಿದಿದ್ದರೆ, ಅದರ ಎಣ್ಣೆ ಹಳೆಯದಾಗಿದ್ದರೆ, ಲೆಕ್ಕ ನೀವೇ ಹಾಕಿ.

ರಸ್ತೆ ಬದಿಯಲ್ಲಿ ನೀವೇ ನೋಡಬಹುದಾದದ್ದು

ಲಕ್ಷಣಗಳು ಗುಟ್ಟಿನವಲ್ಲ. ಗಾಡಿ ಒಂದೇ ಕಡೆಗೆ ಎಳೆಯುವುದು. ಮುಂದಿನ ಚಕ್ರ ಹಿಡಿದಿದ್ದರೆ ಹಿಡಿದ ಕಡೆಗೇ ಎಳೆಯುತ್ತದೆ. ಸುಟ್ಟ ವಾಸನೆ. ಪೆಟ್ರೋಲ್ ಖರ್ಚು ಏರುವುದು. ಸಮತಟ್ಟಿನಲ್ಲಿ ನ್ಯೂಟ್ರಲ್ ಮಾಡಿದರೆ ಉರುಳಬೇಕಾದ ಗಾಡಿ ಗಕ್ಕನೆ ನಿಲ್ಲುವುದು. ಒಂದೇ ಚಕ್ರದ ಮೇಲೆ ಕಪ್ಪು ಪುಡಿ ಜಾಸ್ತಿ ಇರುವುದು. ಹತ್ತು ಹದಿನೈದು ಕಿಲೋಮೀಟರು ಓಡಿಸಿ, ಆದಷ್ಟು ಬ್ರೇಕ್ ಹಾಕದೆ ನಿಲ್ಲಿಸಿ, ಆ ಲಾರಿ ಡ್ರೈವರ್ ಮಾಡಿದ ಹಾಗೆ ನಾಲ್ಕೂ ಚಕ್ರದ ಶಾಖ ಹೋಲಿಸಿ. ಮುಟ್ಟಬೇಡಿ, ಚರ್ಮ ಅಲ್ಲೇ ಉಳಿಯುತ್ತದೆ.

ಒಂದೇ ಚಕ್ರ ಬಿಸಿ ಅಂದರೆ ರೋಗ ಆ ಚಕ್ರದಲ್ಲಿದೆ. ಪಿಸ್ಟನ್, ಪಿನ್, ಸ್ಪ್ರಿಂಗ್, ಹೋಸು ಇವುಗಳಲ್ಲಿ ಒಂದು. ಬೇರಿಂಗ್ ಹೋಗಿದ್ದರೂ ಬಿಸಿಯಾಗುತ್ತದೆ, ಆದರೆ ಅದು ಗೊರಗೊರ ಸದ್ದು ಮಾಡುತ್ತದೆ. ಹಿಂದಿನ ಎರಡೂ ಬಿಸಿ ಅಂದರೆ ಮೊದಲು ಹ್ಯಾಂಡ್ ಬ್ರೇಕಿನ ಕೇಬಲ್ ಮೇಲೆ ಅನುಮಾನ. ಅತಿ ಬಿಗಿ ಮಾಡಿರುತ್ತಾರೆ, ಇಲ್ಲವೇ ಕವಚದೊಳಗೆ ತುಕ್ಕು ಹಿಡಿದು ವಾಪಸು ಬರೋದಿಲ್ಲ. ನಾಲ್ಕೂ ಬಿಸಿ, ಅಥವಾ ಮುಂದಿನದೊಂದು ಮತ್ತು ಅದಕ್ಕೆ ಓರೆಯಾಗಿರುವ ಹಿಂದಿನದೊಂದು ಬಿಸಿ ಅಂದರೆ ರೋಗ ಮೇಲೆ, ಪೆಡಲ್ ಅಥವಾ ಮಾಸ್ಟರ್ ಸಿಲಿಂಡರಿನಲ್ಲಿ. ಈಗಿನ ಹಲವು ಕಾರುಗಳಲ್ಲಿ ಎಣ್ಣೆಯ ದಾರಿಯನ್ನು ಓರೆಯಾಗಿ ಎರಡು ಪಾಲು ಮಾಡಿರುತ್ತಾರೆ. ಮಿಡಿಗೇಶಿ ಬಳಿ ನಾವು ಬದುಕಿದ್ದೂ ಅದರಿಂದಲೇ. ಒಂದು ಪಾಲು ಕೈಕೊಟ್ಟರೂ ಇನ್ನೊಂದು ಇತ್ತು.

ಇನ್ನೊಂದು ಪುಕ್ಕಟೆ ಪರೀಕ್ಷೆ. ಸಂಜೆ ಹೊತ್ತು ಇಂಜಿನ್ ಚಾಲೂ ಮಾಡಿ, ಪೆಡಲಿನ ಮೇಲೆ ಕಾಲಿಡದೆ, ಒಬ್ಬರನ್ನು ಹಿಂದೆ ನಿಲ್ಲಿಸಿ. ಬ್ರೇಕಿನ ಕೆಂಪು ದೀಪ ಉರಿಯುತ್ತಿದೆಯೇ? ಉರಿಯುತ್ತಿದ್ದರೆ ಪೆಡಲ್ ಪೂರ್ತಿ ಮೇಲಕ್ಕೆ ಬಂದಿಲ್ಲದಿರಬಹುದು. ಕಾಲಡಿಯ ಮ್ಯಾಟ್ ಸಿಕ್ಕಿಕೊಂಡಿರಬಹುದು, ಪೆಡಲಿನ ಸ್ಪ್ರಿಂಗ್ ಸತ್ತಿರಬಹುದು, ದೀಪದ ಸ್ವಿಚ್ಚನ್ನೇ ಯಾರೋ ತಪ್ಪಾಗಿ ಕೂರಿಸಿ ಪೆಡಲ್ ತಡೆದಿರಬಹುದು. ಮ್ಯಾಟಿನಿಂದ ಹೋದ ಬ್ರೇಕಿಗೆ ಮಾಸ್ಟರ್ ಸಿಲಿಂಡರ್ ಬದಲಿಸಿ ಬಿಲ್ಲು ಮಾಡಿದರೆ ಯಾರನ್ನು ಬೈಯೋದು?

ಶೆಡ್ಡಿನಲ್ಲಿ ಕೇಳಬೇಕಾದ ಪರೀಕ್ಷೆ

ಪಾವಗಡದ ಒಂದು ಸಣ್ಣ ಶೆಡ್ಡಿನಲ್ಲಿ ನಮ್ಮ ಕಾರಿನ ಅಸಲು ರೋಗ ಸಿಕ್ಕಿತು. ಅಂಥ ದೊಡ್ಡ ಯಂತ್ರಗಳೇನೂ ಅಲ್ಲಿರಲಿಲ್ಲ. ಸಮನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟರು. ಬರೀ ಜಾಕ್ ನಂಬಿ ಗಾಡಿ ಕೆಳಗೆ ತೂರಿಕೊಳ್ಳುವ ಶೂರರು ಇದನ್ನು ಗಮನಿಸಬೇಕು. ಆಮೇಲೆ ಒಬ್ಬ ಪೆಡಲ್ ತುಳಿದು ಬಿಟ್ಟ. ಇನ್ನೊಬ್ಬ ಚಕ್ರ ತಿರುಗಿಸಿದ. ತಿರುಗಲಿಲ್ಲ, ಹಿಡಿದಿತ್ತು.

ಈಗ ಪರೀಕ್ಷೆ. ಆ ಚಕ್ರದ ಬ್ಲೀಡರ್ ಮೊಳೆಯನ್ನು ಒಂದು ಸುತ್ತಿನಷ್ಟು ಸಡಿಲಿಸಿದ. ಎರಡು ಹನಿ ಎಣ್ಣೆ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು. ಹಾಗಾದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು ಎಂದಾಯಿತು. ಬ್ಲೀಡರ್ ಬಿಟ್ಟರೂ ಚಕ್ರ ಬಿಡದಿದ್ದರೆ ಒತ್ತಡದ ತಪ್ಪಲ್ಲ; ಪಿಸ್ಟನ್ ತುಕ್ಕು ಹಿಡಿದಿದೆ, ಪಿನ್ ಕಚ್ಚಿದೆ ಅಥವಾ ಹ್ಯಾಂಡ್ ಬ್ರೇಕ್ ಎಳೆದಿದೆ ಎಂದರ್ಥ.

ಒತ್ತಡ ಎಲ್ಲಿ ಸಿಕ್ಕಿದೆ? ಮೊಳೆ ಬಿಗಿದು, ಮತ್ತೆ ಪೆಡಲ್ ತುಳಿದು ಬಿಟ್ಟು, ಚಕ್ರ ಹಿಡಿದದ್ದನ್ನು ಖಾತ್ರಿ ಮಾಡಿಕೊಂಡು, ಈ ಸಲ ರಬ್ಬರ್ ಹೋಸಿನ ಮೇಲ್ತುದಿಯಲ್ಲಿ ಲೋಹದ ಪೈಪು ಸೇರುವ ಜಾಗವನ್ನು ಸಡಿಲಿಸಿದ. ಚಕ್ರ ಬಿಡಲಿಲ್ಲ. ಅಂದರೆ ಒತ್ತಡ ಇರುವುದು ಅಲ್ಲಿಂದ ಕೆಳಗೆ, ಹೋಸಿನೊಳಗೆ. ಅಲ್ಲಿ ಸಡಿಲಿಸಿದಾಗಲೇ ಬಿಟ್ಟಿದ್ದರೆ ತಪ್ಪು ಮೇಲಿನ ಮಾಸ್ಟರ್ ಸಿಲಿಂಡರಿನದಾಗುತ್ತಿತ್ತು. ಹೋಸು ಬಿಚ್ಚಿ ಕೊಯ್ದು ತೋರಿಸಿದ. ಹೊರಗೆ ಚೆನ್ನಾಗಿಯೇ ಇತ್ತು. ಒಳಗೋಡೆ ಊದಿ ತೂತು ಮುಚ್ಚಿಕೊಂಡಿತ್ತು. ಕಾಲಿನ ಬಲಕ್ಕೆ ಎಣ್ಣೆ ಒಳಗೆ ನುಗ್ಗುತ್ತದೆ, ವಾಪಸು ಬರಲು ಬಲವಿಲ್ಲ. ಇಲಿಬೋನಿನ ಹಾಗೆ!

ಒಂದು ಹೋಸಿಗಾಗಿ ಎರಡು ಜೊತೆ ಪ್ಯಾಡು, ಒಂದು ಡಿಸ್ಕು ಹಾಳು, ನಾಲ್ಕು ಜೀವ ತೂಗುಯ್ಯಾಲೆ. ಮೊದಲ ಶೆಡ್ಡಿನವರು ಸವೆದದ್ದನ್ನು ಬದಲಿಸಿದರೇ ಹೊರತು ಯಾಕೆ ಸವೆಯಿತು ಅಂತ ಕೇಳಿಕೊಳ್ಳಲಿಲ್ಲ. ಹೋಸನ್ನು ಎರಡೂ ಕಡೆ ಒಟ್ಟಿಗೇ ಬದಲಿಸಿ, ಎಣ್ಣೆಯನ್ನೆಲ್ಲ ಹೊಸದು ಮಾಡಿ, ಗಾಳಿ ತೆಗೆದು ಕಳಿಸಿದರು.

ಉಳಿದ ರೋಗಗಳ ಮದ್ದನ್ನೂ ಚುಟುಕಾಗಿ ಹೇಳಿಬಿಡುತ್ತೇವೆ. ಒಂದು ಪ್ಯಾಡ್ ಪೂರ್ತಿ ಸವೆದು ಅದರ ಜೋಡಿ ದಪ್ಪಗೇ ಉಳಿದಿದ್ದರೆ ಪಿನ್ ಕಚ್ಚಿದೆ ಅಂತ ತಿಳಿಯಿರಿ. ಪಿನ್ ತೆಗೆದು ಉಜ್ಜಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಾಕಿ, ಹರಿದ ಮುಸುಕು ಬದಲಿಸಬೇಕು. ಬೇರಿಂಗಿನ ಗ್ರೀಸ್ ಬಳಿದರೆ ರಬ್ಬರ್ ಊದಿ ಮತ್ತೆ ಕಚ್ಚುತ್ತದೆ. ಪಿಸ್ಟನ್ನಿಗೆ ತುಕ್ಕು ಹಿಡಿದು ಕುಳಿ ಬಿದ್ದಿದ್ದರೆ ಸ್ಯಾಂಡ್ ಪೇಪರ್ ಉಜ್ಜಿ ನಡೆಸಬಾರದು, ಬದಲಿಸಬೇಕು. ಹಿಂದಿನ ಡ್ರಮ್ಮಿನಲ್ಲಿ ಶೂ ಎಳೆಯುವ ಸ್ಪ್ರಿಂಗ್ ಸೋತಿದೆಯಾ, ವೀಲ್ ಸಿಲಿಂಡರ್ ಜಾಮಾಗಿದೆಯಾ, ಶೂ ಅತಿ ಬಿಗಿ ಹೊಂದಿಸಿದ್ದಾರಾ ನೋಡಬೇಕು. ಇಂಜಿನ್ ಓಡುವಾಗ ಮಾತ್ರ ಹಿಡಿದು, ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿದ ಮೇಲೆ ಬಿಟ್ಟರೆ ಬೂಸ್ಟರಿನ ದೋಷ. ಡ್ರಮ್ಮಿನ ಪುಡಿಯನ್ನು ಬಾಯಲ್ಲಿ ಊದಬೇಡಿ. ಹಳೇ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ವಾಪಸು ಬರೋದಿಲ್ಲ.

“ಎಣ್ಣೆ ಎಣ್ಣೇನೇ ಅಲ್ವಾ?”

ಅಲ್ಲ! ಬ್ರೇಕ್ ಡಬ್ಬಿಯಲ್ಲಿ ಎಣ್ಣೆ ಕಮ್ಮಿ ಕಂಡರೆ ಕೈಗೆ ಸಿಕ್ಕಿದ ಇಂಜಿನ್ ಆಯಿಲನ್ನೋ ಪವರ್ ಸ್ಟಿಯರಿಂಗ್ ಆಯಿಲನ್ನೋ ಸುರಿಯುವವರಿದ್ದಾರೆ. ಅದು ಖನಿಜ ಎಣ್ಣೆ. ಬ್ರೇಕಿನ ರಬ್ಬರಿಗೆ ತಾಗಿದರೆ ರಬ್ಬರ್ ಊದುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ವಾಪಸು ಬರುವ ಸಣ್ಣ ರಂಧ್ರ ಮುಚ್ಚುತ್ತದೆ, ನಾಲ್ಕೂ ಚಕ್ರ ಹಿಡಿಯುತ್ತವೆ. ಆಮೇಲೆ ಎಣ್ಣೆ ಬದಲಿಸಿದರೆ ಸಾಲದು, ದಾರಿಯುದ್ದದ ರಬ್ಬರನ್ನೆಲ್ಲ ತೆಗೆದುಹಾಕಬೇಕು. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಟ್ಟಲೆ ತೆರುವುದಕ್ಕೆ ನಮ್ಮಲ್ಲಿ ಜಾಣತನ ಅಂತ ಹೆಸರು.

ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಹಿಡಿದ ಚಕ್ರಕ್ಕೆ ಹೋಗುವ ಎಣ್ಣೆಯ ದಾರಿಯನ್ನೇ ಚಪ್ಪಟೆ ಮಾಡಿ ಮುಚ್ಚಿಬಿಡುವುದು, ಇಲ್ಲವೇ ಹಿಂದಿನ ಶೂಗಳನ್ನೇ ತೆಗೆದಿಡುವುದು. “ಮೂರು ಚಕ್ರಕ್ಕೆ ಬ್ರೇಕ್ ಇದೆ, ಊರು ಸೇರ್ತೀರಾ ಹೋಗಿ ಸಾರ್.” ಊರು ಸೇರಿದ ಮೇಲೆ ಅದನ್ನು ಯಾರೂ ಸರಿಮಾಡಿಸೋದಿಲ್ಲ. ಗಾಡಿ ಹಾಗೇ ಮಾರಾಟವಾಗುತ್ತದೆ. ಕೊಂಡವನಿಗೆ ಗೊತ್ತೇ ಇರೋದಿಲ್ಲ. ಮಳೆ ಬಿದ್ದ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದ ದಿನ ಗಾಡಿ ಅಡ್ಡ ತಿರುಗುತ್ತದೆ.

ಲಾರಿ ಬಸ್ಸುಗಳದು ಬೇರೆ ರೀತಿ. ಅಲ್ಲಿ ಗಾಳಿಯ ಬ್ರೇಕು. ಹಿಂದಿನ ಚಕ್ರಗಳಲ್ಲಿ ಬಲವಾದ ಸ್ಪ್ರಿಂಗೊಂದು ಬ್ರೇಕನ್ನು ಸದಾ ಹಿಡಿದಿಡಲು ನೋಡುತ್ತದೆ, ಗಾಳಿಯ ಒತ್ತಡ ಅದನ್ನು ಬಿಡಿಸಿ ಇಟ್ಟಿರುತ್ತದೆ. ಗಾಳಿ ಸೋರಿದರೆ ಗಾಡಿ ತಾನಾಗಿಯೇ ನಿಲ್ಲಲಿ ಎಂಬ ಒಳ್ಳೆಯ ಏರ್ಪಾಡು. ಆದರೆ ಸಣ್ಣಗೆ ಸೋರುತ್ತಿದ್ದರೆ ಸ್ಪ್ರಿಂಗು ಅರ್ಧ ಹಿಡಿದು, ಡ್ರಮ್ಮು ಕೆಂಡವಾಗಿ, ಟೈರಿಗೆ ಬೆಂಕಿ ತಗಲುವುದುಂಟು. ಆಗ ಕೆಲವರು ಸ್ಪ್ರಿಂಗನ್ನೇ ಬೋಲ್ಟಿನಿಂದ ಬಿಗಿದು ಕಟ್ಟಿಹಾಕಿ ಓಡಿಸುತ್ತಾರೆ. ಮನೆಗೆ ಕಾವಲಿದ್ದ ನಾಯಿ ಬೊಗಳುತ್ತೆ ಅಂತ ಅದರ ಬಾಯಿ ಕಟ್ಟಿದ ಹಾಗೆ.

ಕಾನೂನು ಏನನ್ನುತ್ತೆ?

ನಮ್ಮ ನಾಲ್ಕು ತಾಲ್ಲೂಕಿನ ಗಾಡಿಗಳಿಗೆ ಮಧುಗಿರಿಯ ಸಾರಿಗೆ ಕಚೇರಿ ಇದೆ, ಕೆಎ 64 ಅಂತ ನಂಬರೂ ಇದೆ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು ಎಂದು ಕೇಂದ್ರದ ನಿಯಮ. ಬಿಳಿ ಬೋರ್ಡಿನ ಕಾರಿಗೆ? ನೋಂದಣಿಯಾದ ದಿನದಿಂದ 15 ವರ್ಷ ಯಾರೂ ಚಕ್ರ ಎತ್ತಿ ನೋಡುವ ಹಾಗಿಲ್ಲ. ಹದಿನೈದು ತುಂಬಿದ ಮೇಲೆ ಪರೀಕ್ಷೆ, ಆಮೇಲೆ ಐದೈದು ವರ್ಷಕ್ಕೆ. ಹೊಗೆ ಸರ್ಟಿಫಿಕೇಟು ಬೇಕು, ವಿಮೆ ಬೇಕು, ಬ್ರೇಕನ್ನು ಕೇಳುವವರಿಲ್ಲ! ಇನ್ನು ಬಿಳಿ ಬೋರ್ಡಿನಲ್ಲೇ ಬಾಡಿಗೆ ಹೊಡೆಯುವ ಗಾಡಿಗಳು ಎಷ್ಟಿವೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಗೊತ್ತು. ದಿನಕ್ಕೆ ನಾಲ್ಕು ಟ್ರಿಪ್, ವರ್ಷಕ್ಕೆ ಸೊನ್ನೆ ಪರೀಕ್ಷೆ.

ಎಫ್.ಸಿ. ಪರೀಕ್ಷೆಯನ್ನು ಯಂತ್ರದ ಮೂಲಕವೇ ಮಾಡುವ ಕೇಂದ್ರಗಳಿಗೆ 2021ರಲ್ಲಿ ನಿಯಮ ಬಂತು. ಅಂಥ ಯಂತ್ರದ ಉರುಳೆಗಳ ಮೇಲೆ ಗಾಡಿ ನಿಲ್ಲಿಸಿದರೆ ಯಾವ ಚಕ್ರ ಎಷ್ಟು ಹಿಡಿಯುತ್ತದೆ, ಯಾವುದು ಬಿಡೋದಿಲ್ಲ ಅಂತ ಅಂಕಿಯಲ್ಲೇ ಬರುತ್ತದೆ. ಮುಲಾಜಿಲ್ಲ. ಕಡ್ಡಾಯದ ಗಡುವು ಮುಂದೆ ಹೋಗುತ್ತ ಬಂದು 2024ರ ಅಕ್ಟೋಬರ್ 1ಕ್ಕೆ ನಿಂತಿತು. ಒಳ್ಳೆಯದೇ. ಆದರೆ ಅದು ಹಳದಿ ಬೋರ್ಡಿನ ಮಾತಾಯಿತು.

ಮೋಟಾರು ವಾಹನ ಕಾಯಿದೆಯ 190ನೇ ಕಲಮನ್ನು ಓದಿ. ದೋಷ ಗೊತ್ತಿದ್ದೂ, ಇಲ್ಲವೇ ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗುವಂತಿದ್ದೂ ಅಂಥ ಗಾಡಿಯನ್ನು ರಸ್ತೆಗೆ ತಂದರೆ 2019ರ ತಿದ್ದುಪಡಿಯಂತೆ 1,500 ರೂಪಾಯಿವರೆಗೆ ದಂಡ. ಆ ದೋಷದಿಂದ ಅಪಘಾತವಾಗಿ ಗಾಯವೋ ನಷ್ಟವೋ ಆದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ದಂಡ, ಇಲ್ಲವೇ ಎರಡೂ. ‘ಗೊತ್ತಿರಲಿಲ್ಲ’ ಎಂಬ ಉತ್ತರ ನಡೆಯೋದಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತೇ ಎಂಬುದೇ ಪ್ರಶ್ನೆ. ಸುಟ್ಟ ವಾಸನೆ, ಎಳೆಯುವ ಸ್ಟಿಯರಿಂಗು ಗೊತ್ತಾಗದವರು ಯಾರಿದ್ದಾರೆ?

ಪರಿಹಾರದ ಮೊಕದ್ದಮೆಗಳ ವಿಷಯದಲ್ಲೂ ಅಷ್ಟೆ. 1977ರಲ್ಲೇ ಮಿನೂ ಮೆಹತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಯಂತ್ರದ ದೋಷದಿಂದ ಅಪಘಾತವಾಯಿತು ಎನ್ನುವ ಮಾಲೀಕನೇ ಅದನ್ನು ರುಜುವಾತು ಮಾಡಬೇಕು; ತಕ್ಕ ಎಚ್ಚರಿಕೆ ವಹಿಸಿದ್ದರೂ ದೋಷ ಕಣ್ಣಿಗೆ ಬೀಳದೆ ಅಡಗಿತ್ತು ಎಂದು ತೋರಿಸಬೇಕು. ಅಂದರೆ ‘ಬ್ರೇಕ್ ಫೇಲ್’ ಅಂದಾಕ್ಷಣ ಮಾಲೀಕನಿಗೆ ಬಿಡುಗಡೆ ಇಲ್ಲ. ಅಲ್ಲಿಂದಲೇ ಅವನ ಲೆಕ್ಕ ಶುರು. ಪತ್ರಿಕೆಯಲ್ಲಿ ಮಾತ್ರ ಆ ಎರಡು ಪದ ಎಲ್ಲರ ಪಾಪ ತೊಳೆಯುವ ತೀರ್ಥವಾಗಿಬಿಟ್ಟಿದೆ.

ಏನು ಮಾಡಬಹುದು?

ದೊಡ್ಡ ಯೋಜನೆ ಕೇಳುತ್ತಿಲ್ಲ. ಮೂರು ಮಾತು.

ಮೊದಲನೆಯದು ಮೋಟಾರು ವಾಹನ ನಿರೀಕ್ಷಕರಿಗೆ. ಅಪಘಾತದ ಗಾಡಿ ನೋಡಿ ವರದಿ ಬರೆಯುವವರು ನೀವೇ. ಪೆಡಲ್ ಒತ್ತಿ ‘ಬ್ರೇಕ್ ಸರಿ ಇದೆ’ ಎಂದು ಬರೆದರೆ ಸಾಲದು. ಆವಿ ಆರಿಹೋಗಿರುತ್ತದೆ, ಗುರುತು ಆರಿರೋದಿಲ್ಲ. ಬಿಸಿಗೆ ನೀಲಿ ತಿರುಗಿದ ಡಿಸ್ಕು, ಕರಿಕಾದ ಪ್ಯಾಡು, ಕರಗಿಹೋದ ಗ್ರೀಸು, ಒಂದು ಕಡೆ ಮಾತ್ರ ಸವೆದ ಶೂ, ಕಪ್ಪಾದ ಎಣ್ಣೆ ಅಲ್ಲೇ ಇರುತ್ತವೆ. ಚಕ್ರ ಬಿಚ್ಚಿಸಿ ನೋಡಿ, ಯಾವ ಚಕ್ರ, ಯಾವ ಭಾಗ ಅಂತ ಬರೆಯಿರಿ. ಸತ್ತವರ ಮನೆಯವರಿಗೆ ಆ ಒಂದು ಸಾಲು ನ್ಯಾಯ ಕೊಡಬಹುದು. ಡ್ರೈವರ್ ನಿಜ ಹೇಳಿದ್ದರೆ ಅವನಿಗೂ ಕೊಡಬಹುದು.

ಎರಡನೆಯದು ಊರಿನವರಿಗೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ, ಗೊರವನಹಳ್ಳಿಗೆ, ಪಾವಗಡದ ಶನಿಮಹಾತ್ಮನಿಗೆ ಎಷ್ಟು ಗಾಡಿ ಬರುತ್ತವೆ! ಜಾತ್ರೆಗೆ ಮುಂಚಿನ ವಾರ ಐಟಿಐ ಹುಡುಗರನ್ನು ನಿಲ್ಲಿಸಿ, ಎರಡು ಜಾಕು, ಸ್ಟ್ಯಾಂಡು ಕೊಟ್ಟು, ಬಂದ ಕಾರಿನ ಚಕ್ರ ತಿರುಗಿಸಿ ನೋಡುವ ಏರ್ಪಾಡು ಮಾಡಿದರೆ ಹುಡುಗರಿಗೂ ಕಲಿಕೆ, ಜನಕ್ಕೂ ಕ್ಷೇಮ. ಕಣ್ಣಿನ ಶಿಬಿರ ಮಾಡುತ್ತೀರಿ, ರಕ್ತದಾನ ಮಾಡಿಸುತ್ತೀರಿ. ರಕ್ತ ರಸ್ತೆಗೆ ಚೆಲ್ಲದಂತೆ ತಡೆಯುವ ಶಿಬಿರವನ್ನೂ ಒಂದು ಮಾಡಿ.

ಮೂರನೆಯದು ಗಾಡಿ ಇರುವ ಎಲ್ಲರಿಗೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಗಾಡಿ ಶೆಡ್ಡಿಗೆ ಹೋದಾಗಲೆಲ್ಲ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ತೋರಿಸು ಅನ್ನಿ. ಹಳೇ ಪ್ಯಾಡನ್ನು ಕೈಗೆ ತೆಗೆದುಕೊಂಡು, “ಇದು ಯಾಕೆ ಸವೆಯಿತು?” ಅಂತ ಒಂದು ಪ್ರಶ್ನೆ ಕೇಳಿ. ಉತ್ತರ ಗೊತ್ತಿಲ್ಲದವನ ಕೈಗೆ ಗಾಡಿ ಕೊಡಬೇಡಿ.

ನಮ್ಮ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇವೆ. ಇನ್ನು ಮೇಲೆ ಈ ಅಂಕಣದಲ್ಲಿ ‘ಬ್ರೇಕ್ ಫೇಲ್ ಎನ್ನಲಾಗಿದೆ’ ಎಂಬ ಸಾಲು ಒಂದೇ ಉಸಿರಿಗೆ ಬರೋದಿಲ್ಲ. ಯಾವ ಚಕ್ರ, ಯಾಕೆ, ಎಷ್ಟು ದಿನದಿಂದ ಅಂತ ಕೇಳಿಯೇ ಬರೆಯುತ್ತೇವೆ.

ಮಿಡಿಗೇಶಿಯ ಆ ಹಿರಿಯರು ನಮ್ಮಿಂದ ಟೀ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಹೊರಡುವಾಗ ಮಕ್ಕಳ ತಲೆ ಸವರಿ, “ಗಾಡಿ ಬಾಯಿಬಿಟ್ಟು ಹೇಳ್ತದೆ ಸ್ವಾಮಿ, ನಾವು ಮೂಗು ಮುಚ್ಕೊಂಡು ಕೂತಿರ್ತೀವಿ” ಅಂದರು. ಇವತ್ತು ಸಂಜೆ ಪತ್ರಿಕೆ ಮಡಿಸಿಟ್ಟು ಮನೆಗೆ ಹೋದವರು ಗಾಡಿಯಿಂದ ಇಳಿದು ಒಂದು ನಿಮಿಷ ನಾಲ್ಕೂ ಚಕ್ರದ ಹತ್ತಿರ ನಿಂತು ವಾಸನೆ ನೋಡಿ.